1800-11-2356: ಸಿಗರೇಟು ಬಿಡಲು ನಾನು ಹಿಡಿದ ಫೋನ್ ನಂಬರ್, ಜೊತೆಗೊಂದು ಗಮ್

ದಾವಣಗೆರೆಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲ ಹಳ್ಳಿಗಳಿಂದ ಸುಟ್ಟುಹೋದ ಪಂಪ್‌ಸೆಟ್ ಮೋಟರ್‌ಗಳು ಬರುತ್ತವೆ. ವಯಸ್ಸು 43. ಇಪ್ಪತ್ತು ವರ್ಷ ಸೇದಿದೆ, ದಿನಕ್ಕೆ 12 ಸಿಗರೇಟು, ಬೇಸಿಗೆಯಲ್ಲಿ ಕೆಲಸ ಜಾಸ್ತಿ ಬಂದರೆ 15. ಬಿಟ್ಟು ಈಗ 11 ವಾರ. ನನಗೆ ನೆರವಾಗಿದ್ದು ಎರಡು. ಒಂದು, ಸರ್ಕಾರದ ಉಚಿತ ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ ಸಹಾಯವಾಣಿ. ಇನ್ನೊಂದು, ಮೆಡಿಕಲ್ ಸ್ಟೋರಿನ ನಿಕೋಟಿನ್ ಗಮ್. ಸಿಗರೇಟಿನಲ್ಲಿ ಚಟ ಹಿಡಿಸುವ ನಿಕೋಟಿನನ್ನು ಇದು ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡುತ್ತದೆ.

ಈ ನಂಬರ್ 2018ರಿಂದ ಸಿಗರೇಟು ಪ್ಯಾಕೆಟ್ ಮೇಲೆ ಅಚ್ಚಾಗುತ್ತಿದೆ. ನಾನು ನೋಡಿಯೇ ಇರಲಿಲ್ಲ. ಯಾಕೆಂದರೆ ನಾನು ಯಾವತ್ತೂ ಪ್ಯಾಕೆಟ್ ಕೊಂಡವನಲ್ಲ. ಬಿಡಿಯಾಗಿ ಮಾರಬಾರದು ಎಂದು ನಮ್ಮ ರಾಜ್ಯದಲ್ಲಿ ನಿಯಮ ಇದೆ, ಆದರೂ ಗೂಡಂಗಡಿಯಲ್ಲಿ ಒಂದೊಂದೇ ಸಿಗುತ್ತದೆ. ಒಂದೊಂದೇ ತಗೊಂಡವನ ಕೈಗೆ ಆ ನಂಬರ್ ಬರುವುದೇ ಇಲ್ಲ, ಅಲ್ವಾ? ಅಂಗಡಿಯಲ್ಲಿ ನನ್ನ ಜೊತೆ ಕೆಲಸಕ್ಕಿರುವ ಹುಡುಗ ಸಣ್ಣ ಸ್ಕ್ರೂ ಹಾಕಿಡಲು ಎಲ್ಲಿಂದಲೋ ಒಂದು ಖಾಲಿ ಪ್ಯಾಕೆಟ್ ತಂದಿಟ್ಟಿದ್ದ. ಸ್ಕ್ರೂ ಹುಡುಕುವಾಗ ಕಣ್ಣಿಗೆ ಬಿತ್ತು.

ಇದಕ್ಕೆ ಮುಂಚೆ ಎರಡು ಸಲ ಬಿಡಲು ನೋಡಿದ್ದೆ. ಎರಡು ಸಲವೂ ಕೆಡಿಸಿದ್ದು ಸಿಟ್ಟು. ಮಗಳು ಪೆನ್ಸಿಲ್ ಕೆಳಗೆ ಬೀಳಿಸಿದರೂ ರೇಗುತ್ತಿದ್ದೆ. ಎರಡನೇ ಸಲ ನಾಲ್ಕನೇ ದಿನ ನನ್ನ ಹೆಂಡತಿಯೇ ಹೇಳಿದಳು, "ಒಂದು ಸೇದಿ ಬರ್ರಿ ಅತ್ಲಾಗೆ, ನಿಮ್ಮ ಸಿಟ್ಟು ನೋಡಾಕಾಗಲ್ಲ." ಅವಳದು ತಪ್ಪಲ್ಲ. ಮನೆಯಲ್ಲಿ ಮೂರು ದಿನದಿಂದ ಯಾರೂ ಜೋರಾಗಿ ಮಾತಾಡಿರಲಿಲ್ಲ. ಸೇದಿ ಬಂದೆ, ಎಲ್ಲರಿಗೂ ಹಗುರವಾಯಿತು. ಬಿಡುವುದೇ ತಪ್ಪು, ಸೇದುವುದೇ ಸರಿ ಅನ್ನಿಸಿಬಿಟ್ಟಿತ್ತು.

ಈ ಸಲ ಫೋನ್ ಮಾಡಿದಾಗ ಮೊದಲು ಹೇಳಿದ್ದೇ ಇದನ್ನು. ಕರೆಗೆ ದುಡ್ಡಿಲ್ಲ, ಮಾತು ಕನ್ನಡದಲ್ಲೇ. ದಕ್ಷಿಣದ ಭಾಷೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕೌನ್ಸೆಲರ್‌ಗಳು ಮಾತಾಡುತ್ತಾರೆ. ನನಗೆ ಸಿಕ್ಕ ಮೇಡಂ ಅವಸರ ಮಾಡಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು, ಯಾವ ಹೊತ್ತಿನದು ಬಿಡಲು ಕಷ್ಟ, ಟೀ ಎಷ್ಟು ಕುಡಿಯುತ್ತೀರಿ, ಎಲ್ಲ ಕೇಳಿದರು. ಆಮೇಲೆ ಸಿಟ್ಟಿನ ವಿಷಯಕ್ಕೆ ಬಂದರು. "ಸರ್, ಅದು ನಿಮ್ಮ ಸ್ವಭಾವ ಅಲ್ಲ. ನಿಕೋಟಿನ್ ನಿಂತಾಗ ಮೆದುಳು ಹಾಗೆ ಆಡುತ್ತೆ. ಮೊದಲ ಎರಡು ಮೂರು ದಿನ ತುಂಬಾ ಜೋರು. ಮೂರ್ನಾಲ್ಕು ವಾರದಲ್ಲಿ ಇಳಿಯುತ್ತೆ." ನಾನು ಎರಡು ಸಲವೂ ಸೋತಿದ್ದು ಆ ಜೋರಿನ ದಿನಗಳ ಆಸುಪಾಸಿನಲ್ಲೇ. ಇದು ಗೊತ್ತಾದಾಗ ಎದೆ ಮೇಲಿನ ಭಾರ ಇಳಿದ ಹಾಗಾಯಿತು.

ಅವರು ಹೇಳಿದ ಕೆಲಸ ಇಷ್ಟು. ಬಿಡುವ ದಿನ ಗೊತ್ತು ಮಾಡಿ ಮನೆಯವರಿಗೂ ಅಂಗಡಿಯವರಿಗೂ ಮೊದಲೇ ತಿಳಿಸಬೇಕು. ರೇಗಿದರೆ "ಸೇದಿ ಬಾ" ಅನ್ನಬೇಡಿ, ಸುಮ್ನೆ ಹೊರಗೆ ಕಳಿಸಿ ಅಂತ ಕೇಳಿಕೊಳ್ಳಬೇಕು. ಟೀ ಅರ್ಧಕ್ಕಿಳಿಸಬೇಕು. ಇದು ನನಗೆ ಹೊಸದು. ಸಿಗರೇಟಿನ ಹೊಗೆ ಇರುವಾಗ ಮೈ ಟೀಯಲ್ಲಿರುವ ಕೆಫೀನನ್ನು ಬೇಗ ಕರಗಿಸುತ್ತಂತೆ. ಬಿಟ್ಟ ಮೇಲೆ ಅದೇ ಆರು ಟೀ ಕುಡಿದರೆ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ಕೈ ನಡುಕ, ನಿದ್ದೆಗೇಡು, ಕಿರಿಕಿರಿ ಶುರುವಾಗುತ್ತದೆ. ಹಿಂದಿನ ಎರಡು ಸಲ ಸಿಗರೇಟು ಬಿಟ್ಟ ಬೇಜಾರಿಗೆ ನಾನು ಟೀ ಹೆಚ್ಚೇ ಕುಡಿದಿದ್ದೆ.

ಭಾನುವಾರ ಬಿಟ್ಟೆ. ಮಂಗಳವಾರ ಮೂರನೇ ದಿನ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದು ಮೋಟರ್ ಇವತ್ತೇ ಬೇಕು ಎಂದು ನಿಂತರು. ತೋಟ ಒಣಗುತ್ತಿದೆ, ಅವರ ಸಂಕಟ ಅವರದು. ಬೋರ್‌ವೆಲ್ಲಿಗೆ ಇಳಿಸುವ ಸಬ್‌ಮರ್ಸಿಬಲ್ ಮೋಟರ್‌ಗೆ ಸ್ಲಾಟ್ ಒಳಗೆ ವೈರನ್ನು ಕೈಯಲ್ಲೇ ಎಳೆದೆಳೆದು ಸುತ್ತು ಎಣಿಸಬೇಕು. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿಂದ. ನನಗೆ ಎರಡು ಸಲ ತಪ್ಪಿತು. ಅಷ್ಟರಲ್ಲಿ ಹುಡುಗ ಏನೋ ಕೇಳಿದ. ಕೈಯಲ್ಲಿದ್ದ ಮರದ ಸುತ್ತಿಗೆ ಗೋಡೆಗೆ ಎಸೆದೆ. ಅವನಿಗೆ ತಾಗಲಿಲ್ಲ. ಆದರೆ ಅವನು ಕೈಯನ್ನು ಮುಖಕ್ಕೆ ಅಡ್ಡ ಹಿಡಿದದ್ದನ್ನು ನೋಡಿದೆ. ಹತ್ತೊಂಬತ್ತು ವರ್ಷದ ಹುಡುಗ, ನನ್ನನ್ನು ಅಣ್ಣಾ ಅಂತಾನೆ.

ಹೊರಗೆ ಹೋಗಿ ನಿಂತೆ. ಎದುರಿಗೇ ಗೂಡಂಗಡಿ. ಅಲ್ಲಿಗೆ ಹೋಗುವ ಬದಲು ಮತ್ತೆ ಅದೇ ನಂಬರಿಗೆ ಫೋನ್ ಮಾಡಿದೆ. ಈ ಸಲ ಬೇರೆ ಮೇಡಂ. ಇಡೀ ದಿನ ತಡೆಯಬೇಕು ಅಂದುಕೊಳ್ಳಬೇಡಿ, ಗಡಿಯಾರ ನೋಡಿ ಐದು ನಿಮಿಷ ದಾಟಿಸಿ, ಅಲೆ ತಾನಾಗಿ ಇಳಿಯುತ್ತೆ ಅಂದರು. ನೀರು ಕುಡಿಸಿದರು, ಮೂಗಲ್ಲಿ ಎಳೆದು ಬಾಯಲ್ಲಿ ನಿಧಾನಕ್ಕೆ ಬಿಡಿ ಎಂದು ಫೋನಿನಲ್ಲೇ ಜೊತೆಗಿದ್ದು ಉಸಿರಾಡಿಸಿದರು. ನಿಜವಾಗಿ ಇಳಿಯಿತು. ಒಳಗೆ ಬಂದು ಹುಡುಗನ ಹತ್ತಿರ "ತಪ್ಪಾಯ್ತು ತಮ್ಮಾ" ಅಂದೆ. ಅವನು ಸುತ್ತಿಗೆ ಎತ್ತಿ ಅದರ ಜಾಗದಲ್ಲಿಟ್ಟ, ಮಾತಾಡಲಿಲ್ಲ. ಮಾರನೇ ದಿನ ಮಾತಾಡಿದ.

ಇನ್ನು ಗಮ್. ನಾನು ತಗೊಂಡಿದ್ದು 2 ಮಿಲಿಗ್ರಾಂನದು, ಇದಕ್ಕೆ ಚೀಟಿ ಬೇಕಿಲ್ಲ. ಎದ್ದ ಅರ್ಧ ಗಂಟೆಯೊಳಗೇ ಸೇದುವಷ್ಟು ಚಟ ಇದ್ದವರಿಗೆ 4 ಮಿಲಿಗ್ರಾಂನದು, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಹೃದಯದ ತೊಂದರೆ ಇದ್ದವರು, ಬಸುರಿಯರು ಯಾವುದಕ್ಕೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಒಂದಕ್ಕೆ ನನಗೆ ಸುಮಾರು 10 ರೂಪಾಯಿ ಬಿತ್ತು. ಮೊದಲ ದಿನ ಮಾಮೂಲಿ ಚೂಯಿಂಗ್ ಗಮ್ ಹಾಗೆ ಜಗಿದುಬಿಟ್ಟೆ. ಗಂಟಲು ಉರಿ, ಬಿಕ್ಕಳಿಕೆ, ದವಡೆ ನೋವು. ಬಿಸಾಕಬೇಕು ಅನ್ನಿಸಿತು. ಸರಿಯಾದ ರೀತಿ ಬೇರೆ ಇದೆ. ನಿಧಾನಕ್ಕೆ ನಾಲ್ಕಾರು ಸಲ ಜಗಿಯಿರಿ, ಮೆಣಸಿನ ಖಾರದಂಥ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಚರ್ಮದಿಂದ, ನುಂಗಿದರೆ ಹೊಟ್ಟೆಗೆ ಹೋಗಿ ವ್ಯರ್ಥ. ಟೀ, ಕಾಫಿ, ಜ್ಯೂಸ್ ಕುಡಿದ ಕಾಲು ಗಂಟೆ ತನಕ ಬಾಯಿಗೆ ಹಾಕಬೇಡಿ, ಹಿಡಿಯುವುದಿಲ್ಲ. ಸಿಗರೇಟಿನಷ್ಟು ಬೇಗ ಕೆಲಸ ಮಾಡುತ್ತೆ ಅಂತ ಕಾಯಬೇಡಿ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ತಲೆಗೇರುತ್ತದೆ, ಇದಕ್ಕೆ ನಿಮಿಷಗಳು ಬೇಕು. ಹಾಗಾಗಿ ಚಡಪಡಿಕೆ ಏಳುವ ಮೊದಲೇ, ಹೊತ್ತು ನೋಡಿ ಹಾಕಿಕೊಳ್ಳುವುದು ಒಳ್ಳೆಯದು. ನಾನು ದಿನಕ್ಕೆ 8ರಿಂದ ಶುರುಮಾಡಿ ಈಗ 2ಕ್ಕೆ ಬಂದಿದ್ದೇನೆ.

ಗಮ್ಮಿಗೂ ಆಗದ ಒಂದು ಹೊತ್ತು ಇತ್ತು, ಸಂಜೆಯದು. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮೇಲೊಂದು ಟೀ. ನಾಲಿಗೆ ಉರಿಯುವಾಗ ಸಿಗರೇಟು ಹಚ್ಚುವುದು ನನಗೆ ಇಪ್ಪತ್ತು ವರ್ಷದ ರೂಢಿ. ಮೊದಲ ತಿಂಗಳು ಮೆಣಸಿನಕಾಯಿ, ಟೀ ಎರಡನ್ನೂ ಬಿಟ್ಟೆ, ಮಂಡಕ್ಕಿ ಉಳಿಸಿಕೊಂಡೆ. ಮಂಡಕ್ಕಿ ಹುರಿಯುವ ಭಟ್ಟಿಯಿಂದ ಬರೀ ಅದನ್ನೇ ತಂದು ಡಬ್ಬಿಯಲ್ಲಿಟ್ಟು, ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ಕೂರುತ್ತಿದ್ದೆ. ಬೆರಳಿಗೂ ಕೆಲಸ, ಬಾಯಿಗೂ ಕೆಲಸ. ನನಗಂತೂ ಗಮ್ಮಿಗಿಂತ ಇದೇ ಹಿಡಿಸಿತು. ಆರನೇ ವಾರದಲ್ಲಿ ಮೆಣಸಿನಕಾಯಿ ವಾಪಸ್ ಬಂತು.

ಕ್ವಿಟ್‌ಲೈನಿಗೆ ನನ್ನಿಂದ ಐದಕ್ಕೆ ಐದು. ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು, ಮಗಳ ವಿಷಯವನ್ನೂ ನೆನಪಿಟ್ಟು ಕೇಳಿದರು. ಗಮ್‌ಗೆ ನಾಲ್ಕು. ಸೋಮವಾರ ಲೈನ್ ಇರುವುದಿಲ್ಲ, ಉಳಿದ ದಿನ ಬೆಳಿಗ್ಗೆ 8ರಿಂದ ರಾತ್ರಿ 8. ನಿಮ್ಮ ಮೂರನೇ ದಿನ ಸೋಮವಾರ ಬೀಳದ ಹಾಗೆ ಬಿಡುವ ದಿನ ಗೊತ್ತು ಮಾಡಿಕೊಳ್ಳಿ.

ಅಂಗಡಿಯ ಗೋಡೆ ಮೇಲೆ ಯಾವ ಮೋಟರಿಗೆ ಎಷ್ಟು ಸುತ್ತು ಎಂದು ಬರೆದಿಟ್ಟಿದ್ದೇನೆ. ಅದರ ಕೆಳಗೆ ಈ ನಂಬರನ್ನು ಹುಡುಗ ಬ್ರಷ್ಷಿನಲ್ಲಿ ದೊಡ್ಡದಾಗಿ ಬರೆದಿದ್ದಾನೆ. ಬಂದ ರೈತರು "ಇದು ಬೆಸ್ಕಾಂ ನಂಬರಾ ಅಣ್ಣಾ?" ಅಂತ ಕೇಳುತ್ತಾರೆ. ಮೋಟರ್ ಬಿಚ್ಚುವ ತನಕ ಅವರಿಗೂ ಬೇರೆ ಕೆಲಸ ಇರುವುದಿಲ್ಲ. ಕೂರಿಸಿ, ಇದೇ ಕತೆ ಹೇಳುತ್ತೇನೆ.