ರಶ್‌ನ ‘ಎ ಫೇರ್‌ವೆಲ್ ಟು ಕಿಂಗ್ಸ್’: ಪ್ಯಾಡ್ ಬಾರಿಸುವವನ ಕಿವಿಯಲ್ಲಿ

ಮೊದಲೇ ಹೇಳಿಬಿಡುತ್ತೇನೆ. ಈ ಆಲ್ಬಮ್ ತಗೊಳ್ಳಬೇಕಾದದ್ದು ಎರಡನೇ ಹಾಡಿಗಾಗಿ. ಅದರ ಹೆಸರು ‘ಝನಡು’. ಹನ್ನೊಂದು ನಿಮಿಷದ ಹಾಡು. ಉಳಿದ ಐದರಲ್ಲಿ ಎರಡು ಚೆನ್ನಾಗಿವೆ, ಒಂದು ಪರವಾಗಿಲ್ಲ, ಎರಡು ಇಲ್ಲದಿದ್ದರೂ ನಡೆಯುತ್ತಿತ್ತು.

ನಾನು ಯಾರು ಅಂದರೆ, ತೀರ್ಥಹಳ್ಳಿ ಕಡೆಯವನು. ಮದುವೆ, ಗಣಪತಿ, ರಾಜ್ಯೋತ್ಸವ ಅಂತ ರಸಮಂಜರಿಗಳಲ್ಲಿ ರಿದಮ್ ಪ್ಯಾಡ್ ಬಾರಿಸುತ್ತೇನೆ. ಮಳೆಗಾಲ ಹಿಡಿದ ಮೇಲೆ ಗಣಪತಿ ಹಬ್ಬದವರೆಗೆ ಕೆಲಸ ಕಡಿಮೆ. ಆಗ ಇಂಥವನ್ನೆಲ್ಲ ಕೂತು ಕೇಳುತ್ತೇನೆ.

ರಶ್ ಕೆನಡಾದ ಬ್ಯಾಂಡ್. ಇದು ಅವರ ಐದನೇ ಸ್ಟುಡಿಯೋ ಆಲ್ಬಮ್, ಬಂದದ್ದು 1977ರಲ್ಲಿ. ಈ ಆಲ್ಬಮ್‌ನಲ್ಲಿ ಇರೋದೇ ಮೂರು ಜನ. ಗೆಡ್ಡಿ ಲೀ ಹಾಡುತ್ತಾರೆ, ಬೇಸ್ ಗಿಟಾರ್ ನುಡಿಸುತ್ತಾರೆ, ಕೀಬೋರ್ಡ್ ನೋಡಿಕೊಳ್ಳುತ್ತಾರೆ, ಇದರ ಮೇಲೆ ಕಾಲಲ್ಲಿ ಒತ್ತಿ ಕೆಳಸ್ವರ ಹೊರಡಿಸುವ ಬೇಸ್ ಪೆಡಲ್ ಬೇರೆ. ಗಿಟಾರಿಗೆ ಅಲೆಕ್ಸ್ ಲೈಫ್‌ಸನ್. ಡ್ರಮ್ಸ್ ನೀಲ್ ಪಿಯರ್ಟ್; ಹೆಚ್ಚಿನ ಸಾಹಿತ್ಯವೂ ಅವರದೇ. 2020ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ತಂಡದಲ್ಲಿ ಎಂಟು ಜನ ಇದ್ದೂ ‘ಸೌಂಡ್ ತೆಳುವಾಯ್ತು’ ಅನ್ನಿಸಿಕೊಳ್ಳುತ್ತೇವೆ. ಇಲ್ಲಿ ಮೂವರು ಸೇರಿ ದೊಡ್ಡ ವಾದ್ಯವೃಂದದಷ್ಟು ತುಂಬಿಸುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ.

ಈಗ ‘ಝನಡು’ ಹಾಡಿಗೆ ಬರೋಣ. ಅದು ಒಂದು ಹಳೇ ಇಂಗ್ಲಿಷ್ ಪದ್ಯದಲ್ಲಿ ರಾಜ ಅರಮನೆ ಕಟ್ಟಿಸುವ ಜಾಗದ ಹೆಸರು. ಡಿಗ್ರಿಯಲ್ಲಿ ಆಪ್ಷನಲ್ ಇಂಗ್ಲಿಷ್ ತಗೊಂಡವರಿಗೆ ಕೋಲ್‌ರಿಜ್‌ನ ‘ಕುಬ್ಲಾ ಖಾನ್’ ನೆನಪಿರಬಹುದು. 1797ರಲ್ಲಿ ಬರೆದದ್ದು, ಅಚ್ಚಾದದ್ದು 1816ರಲ್ಲಿ. ಅಫೀಮು ತಗೊಂಡು ಮಲಗಿದಾಗ ಕನಸಲ್ಲಿ ಇಡೀ ಪದ್ಯ ಬಂತಂತೆ. ಎದ್ದು ಬರೆಯುತ್ತಿರುವಾಗ ಪೋರ್ಲಾಕ್ ಊರಿನಿಂದ ಯಾರೋ ಕೆಲಸದ ಮೇಲೆ ಬಂದರು, ಅವರು ಹೋದ ಮೇಲೆ ಉಳಿದದ್ದು ಮರೆತೇ ಹೋಯಿತು ಅಂತ ಕವಿಯೇ ಬರೆದಿದ್ದಾರೆ. ಸಿಕ್ಕಿದ್ದು 54 ಸಾಲು. ನಮಗೆ ಪರೀಕ್ಷೆಗೆ ಇದೇ ಪೋರ್ಲಾಕಿನವರ ಕಥೆ ಬಂದರೆ ಸಾಕಿತ್ತು. ಪದ್ಯ ಯಾರಿಗೆ ಬೇಕಿತ್ತು!

ಪದ್ಯದ ಕೊನೆಯಲ್ಲಿ ಒಬ್ಬ ಬರುತ್ತಾನೆ. ಜೇನಿನಂಥ ಇಬ್ಬನಿ ಉಂಡವನು, ಸ್ವರ್ಗದ ಹಾಲು ಕುಡಿದವನು. ಅವನ ಕಣ್ಣು ನೋಡಿ ಜನ ಹೆದರುತ್ತಾರೆ. ಆದರೆ ಅದೆಲ್ಲ ಕವಿಯ ಆಸೆ ಅಷ್ಟೇ. ‘ಕನಸಲ್ಲಿ ಕಂಡ ಹುಡುಗಿಯ ಆ ಹಾಡು ನನಗೆ ಮತ್ತೆ ಸಿಕ್ಕರೆ ಹಾಗಾಗುತ್ತಿದ್ದೆ’ ಅನ್ನುವ ಮಾತು. ಪಿಯರ್ಟ್ ಹಿಡಿದದ್ದು ಅದನ್ನೇ. ಅವರ ನಾಯಕ ನಿಜವಾಗಿ ಆ ಝನಡು ಹುಡುಕಿಕೊಂಡು ಹೋಗುತ್ತಾನೆ. ಸಾವಿಲ್ಲದವನಾಗಬೇಕು ಅಂತ ಆ ಹಾಲು ಕುಡಿದೂಬಿಡುತ್ತಾನೆ. ಸಾವಿರ ವರ್ಷ ಕಳೆದರೂ ಅಲ್ಲೇ ಇದ್ದಾನೆ. ಹೊರಗೆ ಬರಲು ದಾರಿಯಿಲ್ಲ, ತಲೆ ಕೆಟ್ಟಿದೆ, ಲೋಕ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದಾನೆ. ಪದ್ಯಕ್ಕೆ ಸುಮ್ನೆ ರಾಗ ಹಾಕಿ ಹಾಡುವವರು ಬೇಕಾದಷ್ಟು ಜನ ಇದ್ದಾರೆ. ಅರ್ಧಕ್ಕೆ ನಿಂತ ಪದ್ಯ ಎತ್ತಿಕೊಂಡು ‘ಸರಿ, ಆಮೇಲೇನಾಯ್ತು?’ ಅಂತ ಕೇಳುವವರು ಅಪರೂಪ. ನನಗೆ ಈ ಹಾಡು ಹಿಡಿಸಿದ್ದು ಅದಕ್ಕೇ.

ಹಾಡುಗಾರಿಕೆ ಶುರುವಾಗುವುದಕ್ಕೆ ಹತ್ತಿರ ಹತ್ತಿರ ಐದು ನಿಮಿಷ ಬೇಕು. ಗೆಳೆಯರಿಗೆ ಕೇಳಿಸಿದಾಗೆಲ್ಲ ಎರಡನೇ ನಿಮಿಷಕ್ಕೇ ‘ಫಾರ್ವರ್ಡ್ ಮಾಡಾ’ ಅನ್ನುತ್ತಾರೆ. ಬಯಲಾಟದಲ್ಲಿ ಕೋಡಂಗಿ, ಬಾಲಗೋಪಾಲರು ಕುಣಿದು ಹೋಗುವ ತನಕ ಯಾರೂ ಪ್ರಸಂಗ ಶುರು ಮಾಡಿ ಅಂತ ಕೂಗುವುದಿಲ್ಲ, ಅಲ್ವಾ? ಇದೂ ಹಾಗೇ. ಮೊದಲು ಒಂದು ಕೆಳಸ್ವರ ಹಿಡಿದುಕೊಂಡಿರುತ್ತದೆ. ಹಕ್ಕಿಗಳು. ಗಾಳಿಗಂಟೆ. ಆಮೇಲೆ ಟೆಂಪಲ್ ಬ್ಲಾಕ್, ಅಂದರೆ ಬೇರೆ ಬೇರೆ ಗಾತ್ರದ ಪೊಳ್ಳು ಮರದ ಗುಂಡುಗಳು. ನನ್ನ ಪ್ಯಾಡಿನಲ್ಲೂ ಆ ಸದ್ದಿದೆ, ಒಂದು ಬಟನ್ ಒತ್ತಿದರೆ ಬರುತ್ತದೆ. ಪ್ರತಿ ಸಲ ಅದೇ ‘ಟೊಕ್’. ಇಲ್ಲಿಯದು ಹಾಗಲ್ಲ. ರೆಕಾರ್ಡಿಂಗ್ ನಡೆದದ್ದು ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ. ಅದು ಮೊದಲು ಹೈನುಗಾರಿಕೆ ನಡೆಯುತ್ತಿದ್ದ ಜಾಗ. ಈ ಗುಂಡುಗಳನ್ನು ಹೊರಗೆ ಅಂಗಳದಲ್ಲೇ ಬಾರಿಸಿ ರೆಕಾರ್ಡ್ ಮಾಡಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿ. ಒಂದೊಂದು ಪೆಟ್ಟೂ ಬಯಲಲ್ಲಿ ಬಿದ್ದದ್ದು ಅಂತ ಗೊತ್ತಾಗುತ್ತದೆ.

ಅದಾದ ಮೇಲೆ ಗಿಟಾರ್ ಏಳಕ್ಷರದ ಲೆಕ್ಕಕ್ಕೆ ಬೀಳುತ್ತದೆ. ಕೈಯಲ್ಲಿ ತಾಳ ಹಾಕಿ ನೋಡಿ, ‘ತಕಿಟ ತಕಧಿಮಿ’ ಸರಿಯಾಗಿ ಕೂರುತ್ತದೆ. ನಮ್ಮ ಕಿವಿಗೆ ಏಳು ಹೊಸದೇನಲ್ಲ. ರಾಕ್ ಕೇಳಿ ಬೆಳೆದವರು ಅಲ್ಲಿ ಎಡವುತ್ತಾರಂತೆ.

ದೂರು ಇಲ್ಲ ಅಂತಲ್ಲ. ಗೆಡ್ಡಿ ಲೀ ಅವರ ಆಗಿನ ದನಿ ತೀರಾ ಮೇಲೆ. ನಮ್ಮಮ್ಮ ಅಡುಗೆಮನೆಯಿಂದಲೇ, ‘ಎಂತ ಮಾರಾಯ, ಅವನ ಕುತ್ತಿಗೆ ಹಿಸುಕ್ತಿದಾರಾ?’ ಅಂದರು. ಹುಚ್ಚು ಹಿಡಿದವನ ಪಾತ್ರಕ್ಕೆ ಆ ದನಿ ಒಪ್ಪುತ್ತದೆ. ‘ಮ್ಯಾಡ್ರಿಗಲ್’ ಅನ್ನುವ ಪ್ರೇಮದ ಹಾಡಿಗೆ ಒಪ್ಪುವುದಿಲ್ಲ. ಆ ಹಾಡು, ಅದರ ಹಿಂದಿನ ‘ಸಿಂಡ್ರೆಲಾ ಮ್ಯಾನ್’ ಎರಡನ್ನೂ ನಾನು ದಾಟಿಸುತ್ತೇನೆ.

ಶೀರ್ಷಿಕೆ ಹಾಡು ಕ್ಲಾಸಿಕಲ್ ಗಿಟಾರಿನಿಂದ ಚಂದಾಗಿ ಶುರುವಾಗುತ್ತದೆ, ಆಮೇಲೆ ಉಪದೇಶ ಸ್ವಲ್ಪ ಜಾಸ್ತಿ. ‘ಕ್ಲೋಸರ್ ಟು ದ ಹಾರ್ಟ್’ ಮೂರು ನಿಮಿಷವೂ ಇಲ್ಲ. ಕಮ್ಮಾರ, ಕಲಾವಿದ, ಉಳುವವ ಎಲ್ಲರಿಗೂ ಅದರಲ್ಲಿ ಪಾಲಿದೆ. ರಸಮಂಜರಿಯಲ್ಲಿ ಧೈರ್ಯವಾಗಿ ನುಡಿಸಬಹುದಾದದ್ದು ಇದೊಂದೇ. ಕೊನೆಯದು ‘ಸಿಗ್ನಸ್ ಎಕ್ಸ್-1’. ಕಪ್ಪುಕುಳಿಯೊಳಗೆ ಹೋಗುವ ನೌಕೆಯ ಕಥೆ. ಬೇಸ್ ಅದ್ಭುತ. ಕಥೆ ಮಾತ್ರ ಮುಗಿಯುವುದಿಲ್ಲ, ಮುಂದಿನ ಭಾಗ 1978ರ ಆಲ್ಬಮ್‌ನಲ್ಲಿದೆ.

ಎಲ್ಲ ಸೇರಿ 37 ನಿಮಿಷ. ತೀರ್ಥಹಳ್ಳಿ ಬಿಟ್ಟರೆ ಮಂಡಗದ್ದೆ ಹತ್ತಿರ ಬರುವಷ್ಟರಲ್ಲಿ ಮುಗಿಯುತ್ತದೆ. ಆದರೆ ಬಸ್ಸಿನಲ್ಲಿ ಬೇಡ, ಇಂಜಿನ್ ಸದ್ದಿಗೆ ಮೊದಲ ಎರಡು ನಿಮಿಷ ಹೋಗಿಬಿಡುತ್ತದೆ. ಆಷಾಢದಲ್ಲಿ ಶೀಟಿನ ಮಾಡಿನ ಕೆಳಗೂ ಬೇಡ. ಫೋನ್ ಸ್ಪೀಕರಿನಲ್ಲಂತೂ ಬೇಡವೇ ಬೇಡ, ಆ ಬೇಸ್ ಪೆಡಲ್ ಅದರಲ್ಲಿ ಬರುವುದೇ ಇಲ್ಲ. 2017ರಲ್ಲಿ 40ನೇ ವರ್ಷಕ್ಕೆ ಅಂತ ಬಂದ ಸೆಟ್‌ನಲ್ಲಿ ಸ್ಟೀವನ್ ವಿಲ್ಸನ್ ಮಾಡಿದ 5.1 ಮಿಕ್ಸ್ ಇದೆ. ಮನೆಯಲ್ಲಿ ಆರು ಸ್ಪೀಕರ್ ಇದ್ದವರು ಅದನ್ನು ತಗೊಳ್ಳಲಿ. ಉಳಿದವರಿಗೆ ಮಾಮೂಲಿ ಸ್ಟೀರಿಯೋ, ಒಂದು ಒಳ್ಳೆ ಹೆಡ್‌ಫೋನ್ ಧಾರಾಳವಾಯಿತು.