ನಾಲ್ಕು ವರ್ಷದ ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಅದು ಸರಿಯಾಗೇ ಹೇಳಿತ್ತು, ನಾನೇ ತಪ್ಪು ತಿಳಿದೆ

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ ಓಬಿಡಿ ಸ್ಕ್ಯಾನರ್. ಇದು ನನ್ನ ಎರಡನೆಯದು. ಮೊದಲನೆಯದು ₹450ರ ನೀಲಿ ಡಬ್ಬಿ, ಮೇಲೆ ‘ಇಎಲ್‌ಎಂ327 ವಿ2.1’ ಅಂತ ಒಳಗಿನ ಚಿಪ್ಪಿನ ಹೆಸರು, ಆವೃತ್ತಿಯ ಅಚ್ಚು. ಒಂದು ದಿನ ಕನೆಕ್ಟ್ ಆದರೆ ಮೂರು ದಿನ ಇಲ್ಲ. ಅಗ್ಗದ ನಕಲು ಚಿಪ್‌ಗಳಲ್ಲಿ 2.1 ಅಂದರೆ 1.5ಕ್ಕಿಂತ ಹೊಸದು ಅಂತ ನಂಬಬೇಡಿ, ಎಷ್ಟೋ ಕಮಾಂಡ್‌ಗಳು ಅದಕ್ಕೆ ಅರ್ಥವೇ ಆಗುವುದಿಲ್ಲ. 2021ರಲ್ಲಿ ₹1,800 ಕೊಟ್ಟು ತಗೊಂಡದ್ದು ಇವತ್ತಿಗೂ ಕೆಲಸ ಮಾಡುತ್ತಿದೆ. ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾವಿರುವುದು ಸಾಗರದ ಹತ್ತಿರ. ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಕೊಡುವ ಓಬಿಡಿ-2 ವ್ಯವಸ್ಥೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಏಪ್ರಿಲ್ 2013ರಿಂದ. ಅದಕ್ಕಿಂತ ಹಳೇ ಕಾರಿನವರು ಕೊಳ್ಳುವ ಮುಂಚೆ ಯಾರದ್ದಾದರೂ ಸ್ಕ್ಯಾನರ್ ಇಸ್ಕೊಂಡು ಹಾಕಿ ನೋಡಿ.

ತಗೊಂಡು ಎರಡು ತಿಂಗಳಿಗೆ ಚೆಕ್ ಎಂಜಿನ್ ಲೈಟ್ ಹತ್ತಿತು. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ನೋಡಿದರೆ ಪಿ0141. ಬ್ಯಾಂಕ್ 1 (ಸಿಲಿಂಡರುಗಳ ಮೊದಲ ಸಾಲು), ಸೆನ್ಸರ್ 2, ಹೀಟರ್ ಸರ್ಕ್ಯೂಟ್. ಸೆನ್ಸರ್ 1 ಅಂದರೆ ಕ್ಯಾಟಲಿಟಿಕ್ ಕನ್ವರ್ಟರಿಗಿಂತ (ಹೊಗೆ ಕೊಳವೆಯಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ) ಮುಂಚೆ ಇರುವ ಆಕ್ಸಿಜನ್ ಸೆನ್ಸರ್, 2 ಅಂದರೆ ಅದರ ಆಚೆಯದು. ಸುಮಾರು 300 ಡಿಗ್ರಿ ಕಾಯದೆ ಈ ಸೆನ್ಸರ್ ಸರಿಯಾದ ಲೆಕ್ಕ ಕೊಡುವುದಿಲ್ಲ, ಬೇಗ ಕಾಯಲಿ ಅಂತ ಒಳಗೊಂದು ಹೀಟರ್. ನನಗೆ ಎಷ್ಟು ಖುಷಿ ಅಂದರೆ, ಅವತ್ತೇ ₹2,900ರ ಹೊಸ ಸೆನ್ಸರ್ ಆರ್ಡರ್ ಮಾಡಿದೆ. ಪಕ್ಕ ಸೀಳಿರುವ 22 ಎಂಎಂ ಸಾಕೆಟ್ ಬೇರೆ ತಂದೆ. ತುಕ್ಕು ಹಿಡಿದ ಸೆನ್ಸರ್ ಬಿಚ್ಚಲು ಅರ್ಧ ಭಾನುವಾರ ಹೋಯಿತು. ಕೋಡ್ ಅಳಿಸಿದೆ, ಲೈಟ್ ಆರಿತು. ಮೂರನೇ ದಿನ ಮತ್ತೆ ಪಿ0141.

ಆಮೇಲೆ ಬುದ್ಧಿ ಬಂತು: ಕೋಡ್ ಹೇಳಿದ್ದು ‘ಹೀಟರ್ ಸರ್ಕ್ಯೂಟ್’ ಅಂತ, ‘ಸೆನ್ಸರ್ ಹೋಗಿದೆ’ ಅಂತಲ್ಲ. ಸರ್ಕ್ಯೂಟ್ ಅಂದರೆ ಫ್ಯೂಸು, ವೈರು, ಕನೆಕ್ಟರ್ ಎಲ್ಲ ಬಂತಲ್ಲ. ಮೂಲೆಗೆ ಎಸೆದಿದ್ದ ಹಳೇ ಸೆನ್ಸರಿನ ಒಂದೇ ಬಣ್ಣದ ಎರಡು ವೈರಿಗೆ ಮಲ್ಟಿಮೀಟರ್ ಹಿಡಿದರೆ 9 ಓಮ್. ಹೀಟರ್ ಗಟ್ಟಿಮುಟ್ಟಾಗಿದೆ! ಕಾರಿನ ಕಡೆಯ ಕನೆಕ್ಟರಿನಲ್ಲಿ ಮಾತ್ರ 12 ವೋಲ್ಟ್ ಬರುತ್ತಲೇ ಇಲ್ಲ. ಫ್ಯೂಸ್ ಸರಿ ಇತ್ತು. ವೈರಿನ ಜಾಡು ಹಿಡಿದು ಹೋದರೆ ಬ್ಯಾಟರಿ ಪಕ್ಕದಲ್ಲಿ ಇಲಿ ಕಡಿದಿದೆ. ಅಡಿಕೆ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿದ ಫಲ. ಒಂದು ಗೇಣು ವೈರು, ಸ್ವಲ್ಪ ಬೆಸುಗೆ, ಹೀಟ್ ಶ್ರಿಂಕ್ ಕೊಳವೆ, ಎಲ್ಲ ಸೇರಿ ಮೂವತ್ತು ರೂಪಾಯಿ ಆಗಿರಬಹುದು.

ಎರಡನೇ ಪ್ರಕರಣ ಇದಕ್ಕಿಂತ ದುಬಾರಿ. 2023ರ ಮಳೆಗಾಲದಲ್ಲಿ ಪಿ0302, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಏರಿನಲ್ಲಿ ಎಂಜಿನ್ ಜಗ್ಗುತ್ತಿತ್ತು, ಲೈಟ್ ಮಿಣುಕುತ್ತಿತ್ತು. ತೋಟದ ಕೆಲಸದ ಗಡಿಬಿಡಿ, ಕೋಡ್ ಅಳಿಸಿ ಅಳಿಸಿ ಒಂದು ತಿಂಗಳು ಓಡಿಸಿದೆ. ಕೊನೆಗೆ ಕಿಡಿಗೆ ವಿದ್ಯುತ್ ಕೊಡುವ ₹1,100ರ ಇಗ್ನಿಷನ್ ಕಾಯಿಲ್ ಹಾಕಿದಾಗ ಎಲ್ಲ ಸರಿಯಾಯಿತು ಅಂದುಕೊಂಡೆ. ಆದರೆ ಮಿಸ್‌ಫೈರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ನೇರ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡು ಕಾದು ಕರಗುವುದು ಹಾಗೆ. ಹತ್ತಿದ ಲೈಟಿಗೂ ಮಿಣುಕುವ ಲೈಟಿಗೂ ಇರುವ ವ್ಯತ್ಯಾಸ ಇದೇ. ಮಿಣುಕಿದರೆ ಗಾಡಿ ಓಡಿಸುತ್ತಾ ಹೋಗಬಾರದು.

ಮುಂದಿನ ವರ್ಷ ಪಿ0420, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್. ಆ ಹೊತ್ತಿಗೆ ಲೈವ್ ಗ್ರಾಫ್ ನೋಡುವುದು ರೂಢಿಯಾಗಿತ್ತು. ಮುಂದಿನ ಸೆನ್ಸರ್ (ಸೆನ್ಸರ್ 1) 0.1ರಿಂದ 0.9 ವೋಲ್ಟಿಗೆ ಉಯ್ಯಾಲೆ ಆಡಬೇಕು, ಹಿಂದಿನದು (ಸೆನ್ಸರ್ 2) 0.6, 0.7ರಲ್ಲಿ ಸುಮ್ಮನೆ ಕೂತಿರಬೇಕು. ನನ್ನದರಲ್ಲಿ ಹಿಂದಿನದೂ ಮುಂದಿನದರ ಜೊತೆಗೇ ಕುಣಿಯುತ್ತಿತ್ತು. ಸೈಲೆನ್ಸರ್ ಜೋಡಣೆಯಲ್ಲಿ ಗಾಳಿ ಸೋರಿದರೂ ಹೀಗೆ ಆಗಬಹುದು ಅಂತ ಮೊದಲು ₹280ರ ಗ್ಯಾಸ್ಕೆಟ್ ಬದಲಿಸಿದೆ. 700 ಕಿ.ಮೀ. ಆದ ಮೇಲೆ ಕೋಡ್ ವಾಪಸ್. ಒಂದು ಗ್ಯಾರೇಜಿನಲ್ಲಿ ‘ಒಳಗಿರೋದನ್ನ ಒಡೆದು ತೆಗೆದುಬಿಡೋಣ ಸಾರ್, ಪಿಕಪ್ಪೂ ಜಾಸ್ತಿ ಆಗುತ್ತೆ’ ಅಂದರು. ಕಾನೂನಿನಲ್ಲಿ ಅದಕ್ಕೆ ಅವಕಾಶ ಇಲ್ಲ, ಆ ಹೊಗೆ ಕುಡಿಯುವವರೂ ನಾವೇ. ಇನ್ನೊಂದು ಕಡೆ ₹27,000 ಕೊಟ್ಟು ಅಸಲಿ ಕನ್ವರ್ಟರ್ ಹಾಕಿಸಿದೆ. ಹಳೆಯದನ್ನು ಬಿಟ್ಟು ಬರಬೇಡಿ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯವರೇ ಹುಡುಕಿಕೊಂಡು ಬರುತ್ತಾರೆ.

ತಮಾಷೆ ಏನೆಂದರೆ, ಪಿ0420 ಲೈಟ್ ಹತ್ತಿರುವಾಗಲೇ ಕಾರು ಎಮಿಷನ್ ಟೆಸ್ಟಿನಲ್ಲಿ ಪಾಸಾಗಿತ್ತು. ಸೈಲೆನ್ಸರಿನ ಬಾಯಿಗೆ ಕೊಳವೆ ಇಟ್ಟು ಅಳೆಯುವವರು ಡ್ಯಾಶ್‌ಬೋರ್ಡ್ ಕಡೆ ನೋಡಲೇ ಇಲ್ಲ.

ತಿಪಟೂರಿನ ಭಾವನ ಡೀಸೆಲ್ ಕಾರಿನಲ್ಲಿ ಪಿ0401 ಬಂದಾಗಲೂ ಇದೇ ಸ್ಕ್ಯಾನರ್. ಹೊಗೆಯ ಒಂದು ಪಾಲನ್ನು ವಾಪಸ್ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿತ್ತು, ಬಿಚ್ಚಿ ತೊಳೆದರೆ ಸಾಕಾಯಿತು.

ಕೊರತೆ ಹೇಳಬೇಕೆಂದರೆ, ನನ್ನ ಕಾರಿನಲ್ಲಿ ಎಬಿಎಸ್, ಏರ್‌ಬ್ಯಾಗ್ ಲೈಟಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ. ಹಳೇ ಬ್ಲೂಟೂತ್ ಮಾದರಿ ಐಫೋನಿಗೆ ಕಾಣುವುದಿಲ್ಲ. ಮಗಳ ಫೋನಿನಲ್ಲಿ ಹಾಕಲು ಹೋಗಿ ಒಂದು ಸಂಜೆ ಹಾಳಾಯಿತು. ಕೋಡ್ ಅಳಿಸಿದರೆ ಅದರ ಜೊತೆ ದಾಖಲಾದ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಎಲ್ಲ ಹೋಗುತ್ತದೆ, ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲಸ ಮುಗಿದ ಮೇಲೆ ಸಾಕೆಟ್ಟಿನಿಂದ ಕಿತ್ತಿಡಿ. ಹತ್ತು ದಿನ ಮದುವೆ ಓಡಾಟಕ್ಕೆ ಹೋಗಿ ಬಂದಾಗ ಬ್ಯಾಟರಿ ಪೂರ್ತಿ ಮಲಗಿತ್ತು, ಪಕ್ಕದ ಮನೆಯ ಪಿಕಪ್ಪಿನಿಂದ ಕೇಬಲ್ ಹಾಕಿ ಎಬ್ಬಿಸಬೇಕಾಯಿತು.