ಟರ್ನ್‌ಟೇಬಲ್ ಮುಳ್ಳು: ಕೋನಿಕಲ್ಲೋ, ಎಲಿಪ್ಟಿಕಲ್ಲೋ?

ಆಡಿಯೋ-ಟೆಕ್ನಿಕಾದ ವಿಎಂ95 ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಭಾಗ) ಹಾಗೇ ಇಟ್ಟುಕೊಂಡು ಮುಳ್ಳು ಮಾತ್ರ ಬದಲಿಸಬಹುದು. ಯಾವುದನ್ನು ಕೊಳ್ಳಬೇಕೆಂಬುದು ಮನೆಯಲ್ಲಿರುವ ರೆಕಾರ್ಡ್‌ಗಳ ಮೇಲಿದೆ.

ದುಂಡು ತುದಿಯ ಕೋನಿಕಲ್ ಅಗ್ಗ, ಬಾಳಿಕೆಯೂ ಹೆಚ್ಚು: ಸುಮಾರು 500 ಗಂಟೆ. ಅಂಡಾಕಾರದ ತುದಿಯ ಎಲಿಪ್ಟಿಕಲ್‌ಗೆ ಕಂಪನಿ ಹೇಳುವುದು 300.

ನಿಜವಾದ ವ್ಯತ್ಯಾಸ ಕೇಳಿಸುವುದು ರೆಕಾರ್ಡಿನ ಕೊನೆಯ ಹಾಡಿನಲ್ಲಿ. ಎಲ್‌ಪಿಯ ಹೊರಸುತ್ತಿನಲ್ಲಿ ಮುಳ್ಳು ಓಡುವ ಗೀರು ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸರಿದರೆ, ಲೇಬಲ್ ಹತ್ತಿರ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅದೇ ಸ್ವರದ ಅಲೆ ಅಲ್ಲಿ ಇಕ್ಕಟ್ಟಾಗುತ್ತದೆ. ಕೋನಿಕಲ್‌ನ ದುಂಡು ತುದಿ ಆ ಮಡಿಕೆಗಳೊಳಗೆ ಪೂರ್ತಿ ಇಳಿಯದೆ ‘ಸ’, ‘ಶ’ ಸೀಳಿದಂತೆ ಕೇಳುತ್ತವೆ. ಎಲಿಪ್ಟಿಕಲ್‌ನ ಅಂಚು ಕಿರಿದಾದ್ದರಿಂದ ಅಲ್ಲೂ ಹಿಡಿತ ತಪ್ಪುವುದು ಕಡಿಮೆ. ಆದರೆ ಕಾರ್ಟ್ರಿಜ್ ಓರೆಯಾಗಿ ಕೂತಿದ್ದರೆ ಕೊಟ್ಟ ದುಡ್ಡು ದಂಡ! ಪ್ರೊಟ್ರಾಕ್ಟರ್ (ಕೋನ ನೋಡುವ ಅಳತೆಪಟ್ಟಿ) ಇಟ್ಟು, ತಟ್ಟೆಯ ನಡುವಿನಿಂದ 66 ಮತ್ತು 121 ಮಿ.ಮೀ. ದೂರದ ಗುರುತುಗಳೆರಡರಲ್ಲೂ ನೇರ ಮಾಡಿ. ಮುಳ್ಳು ರೆಕಾರ್ಡಿನ ಮೇಲೆ ಒತ್ತುವ ಭಾರ ಎರಡಕ್ಕೂ 2 ಗ್ರಾಂ. ಹಗುರಾದರೆ ಮುಳ್ಳು ಗೀರಿನಲ್ಲಿ ಕುಪ್ಪಳಿಸಿ ಗೋಡೆ ಕೆಡುತ್ತದೆ.

ಮೇಲ್ಮೈ ತರಚಿಹೋದ ಹಳೆ ಸಿನಿಮಾ ಎಲ್‌ಪಿಗಳೇ ಹೆಚ್ಚಿದ್ದರೆ, ಮಕ್ಕಳೂ ಮುಟ್ಟುವ ಯಂತ್ರವಾದರೆ ಕೋನಿಕಲ್ ಸಾಕು. ಚೊಕ್ಕಟ ರೆಕಾರ್ಡ್, ಗಾಯನ, ಪಿಟೀಲು ಎಂದರೆ ಎಲಿಪ್ಟಿಕಲ್.

ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳಿಗೆ ಎರಡೂ ಬೇಡ. ಅವುಗಳ ಗೀರು ಅಗಲ; ಎಲ್‌ಪಿ ಮುಳ್ಳು ತಳ ಸೇರಿ ಬರೀ ಕೊರಕೊರ ಸದ್ದು. 78ಕ್ಕೆಂದೇ ಇರುವ, 3 ಮಿಲ್‌ನ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಪಾಲು) ಎಸ್‌ಪಿ ಮುಳ್ಳು ಹಾಕಿ, ಭಾರ 5 ಗ್ರಾಂಗೆ ಏರಿಸಿ. ಆ ತಟ್ಟೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಬೇಡಿ, ಅವು ಅರಗಿನವು, ಕರಗುತ್ತವೆ.